ಋಣ ಯಾರಿಗೆ? — ‘ದಿ ವೈರ್’ ಎಂಬ ಕತೆಯನ್ನು ಕುರಿತು

ಪತ್ತೇದಾರಿ ಕತೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಬಹುಮಟ್ಟಿಗೆ ಒಂದೇ. ಮೊದಲ ಪುಟದಲ್ಲಿ ಒಂದು ಕೊಲೆ. ನಡುವೆ ನಾಲ್ಕಾರು ಜನರ ಮೇಲೆ ಸಂದೇಹ. ಕೊನೆಯ ಪುಟದಲ್ಲಿ ಕೊಲೆಗಾರನ ಕೈಗೆ ಬೇಡಿ. ಪುಸ್ತಕವನ್ನು ಮುಚ್ಚಿ ದೀಪ ಆರಿಸಿದರೆ ಸುಖವಾಗಿ ನಿದ್ದೆ ಬರುತ್ತದೆ. ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ, ನಡುವೆ ಗೋಡೆ ಭದ್ರವಾಗಿದೆ ಎಂಬ ನೆಮ್ಮದಿಯೇ ಆ ನಿದ್ದೆಗೆ ಕಾರಣ. ಇಂಥ ಕತೆಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ದಿನವೆಲ್ಲ ದುಡಿದು ಬಂದವರಿಗೆ ಅಷ್ಟು ನೆಮ್ಮದಿ ಸಲ್ಲತಕ್ಕದ್ದೇ. ಆದರೆ ಈ ಹೊತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಕತೆ ಆ ಗೋಡೆಯನ್ನೇ ಕೆಡವಿಹಾಕುತ್ತದೆ. ಕೆಡವಿದ ಮೇಲೆ, ಹಾಗಾದರೆ ಒಳ್ಳೆಯತನ ಎಲ್ಲಿದೆ, ಹುಡುಕು ಎಂದು ನಮಗೇ ಕೆಲಸ ಹಚ್ಚುತ್ತದೆ.

ಅದರ ಹೆಸರು ‘ದಿ ವೈರ್’. ಅಮೆರಿಕದ ಎಚ್.ಬಿ.ಒ. ಎಂಬ ದೂರದರ್ಶನ ಸಂಸ್ಥೆ 2002ರ ಜೂನ್ 2ರಂದು ಇದನ್ನು ಪ್ರಾರಂಭಿಸಿ, ಐದು ಭಾಗಗಳಲ್ಲಿ ಒಟ್ಟು 60 ಕಂತುಗಳನ್ನು ತೋರಿಸಿ, 2008ರ ಮಾರ್ಚ್ 9ರಂದು ಮುಗಿಸಿತು. ಕತೆ ನಡೆಯುವ ಸ್ಥಳ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಎಂಬ ಹಳೆಯ ಬಂದರು ಪಟ್ಟಣ. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆ, ಹಡಗುಕಟ್ಟೆಗಳಿಂದ ತುಂಬಿದ್ದ ಊರು; ಕೆಲಸ ತಪ್ಪಿದ ಮೇಲೆ ಸಾಲು ಸಾಲು ಮನೆಗಳು ಹಾಳುಬಿದ್ದು, ಬೀದಿಯ ಮೂಲೆಗಳಲ್ಲಿ ಹೆರಾಯಿನ್ ವ್ಯಾಪಾರ ಬೇರುಬಿಟ್ಟಿತು. ‘ವೈರ್’ ಎಂದರೆ ತಂತಿ. ಇಲ್ಲಿ ಪೋಲೀಸರು ಟೆಲಿಫೋನಿನ ಮಾತನ್ನು ಕದ್ದು ಕೇಳಲು ಜೋಡಿಸುವ ತಂತಿ. ರೇಡಿಯೋದ ಮುಂದೆ ಕುಳಿತು ಕಿವಿಗೊಡುವ ಅಭ್ಯಾಸವಿರುವ ನಿಮಗೆ ಈ ಕತೆ ಒಂದು ವಿಧದಲ್ಲಿ ಹತ್ತಿರದ್ದು. ಏಕೆಂದರೆ ಇದರ ಜೀವಾಳವಿರುವುದು ಗುಂಡಿನ ಸದ್ದಿನಲ್ಲಲ್ಲ, ತಾಳ್ಮೆಯಿಂದ ಕೇಳುವುದರಲ್ಲಿ.

ಇದನ್ನು ಕಟ್ಟಿದವರು ಇಬ್ಬರು. ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಪೋಲೀಸು ಸುದ್ದಿಗಳನ್ನು ಬರೆಯುತ್ತಿದ್ದವರು. ಎಡ್ ಬರ್ನ್ಸ್ ಅದೇ ಊರಿನ ಪೋಲೀಸು ಇಲಾಖೆಯಲ್ಲಿ ಇಪ್ಪತ್ತು ವರ್ಷ ಪತ್ತೇದಾರರಾಗಿದ್ದು, ಆಮೇಲೆ ಅಲ್ಲಿಯ ಶಾಲೆಯಲ್ಲಿ ಉಪಾಧ್ಯಾಯರಾದವರು. ಒಂದು ಸ್ವಾರಸ್ಯ ಹೇಳಬೇಕು. 1980ರ ದಶಕದಲ್ಲಿ ಮೆಲ್ವಿನ್ ವಿಲಿಯಮ್ಸ್ ಎಂಬ ಹೆಸರಾಂತ ಮಾದಕದ್ರವ್ಯದ ವ್ಯಾಪಾರಿಯನ್ನು ತಂತಿಗೆ ಕಿವಿಗೊಟ್ಟು ಹಿಡಿದವರಲ್ಲಿ ಬರ್ನ್ಸ್ ಒಬ್ಬರು. ಆ ವ್ಯಾಪಾರಿಯ ಕತೆಯನ್ನು 1987ರಲ್ಲಿ ಪತ್ರಿಕೆಗೆ ಬರೆದವರು ಸೈಮನ್. ಆತ ಶಿಕ್ಷೆ ಮುಗಿಸಿ ಹೊರಗೆ ಬಂದ ಮೇಲೆ ಇವರಿಬ್ಬರೂ ಅವನನ್ನೇ ಕರೆದು ಈ ಕತೆಯಲ್ಲಿ ಇಗರ್ಜಿಯ ಹಿರಿಯನ ಪಾತ್ರ ಕೊಟ್ಟರು. ಹಿಡಿದವನು, ಬರೆದವನು, ಸಿಕ್ಕಿಬಿದ್ದವನು ಮೂವರೂ ಒಂದೇ ಕೆಲಸದಲ್ಲಿ ಕೂಡಿದರು. ಮನುಷ್ಯನನ್ನು ಒಂದೇ ಮಾತಿನಲ್ಲಿ ಒಳ್ಳೆಯವ, ಕೆಟ್ಟವ ಎಂದು ತೀರ್ಮಾನಿಸಿ ಬಿಡಬಾರದೆಂಬ ನಿಲುವು ಇಲ್ಲಿಂದಲೇ ಹೊರಡುತ್ತದೆ.

ಕತೆ ಬೇಗನೆ ನ್ಯಾಯಾಲಯಕ್ಕೆ ಬರುತ್ತದೆ. ಡಿ’ಆಂಜೆಲೋ ಎಂಬ ತರುಣನ ಮೇಲೆ ಕೊಲೆಯ ಆಪಾದನೆ. ಒಬ್ಬ ಸಾಕ್ಷಿ ಹೆದರಿ ಮಾತು ತಿರುಗಿಸುತ್ತಾಳೆ, ಅವನಿಗೆ ಬಿಡುಗಡೆಯಾಗುತ್ತದೆ. ನಿಜ ನುಡಿದ ಇನ್ನೊಬ್ಬ ಸಾಕ್ಷಿ ಮೊದಲ ಕಂತು ಮುಗಿಯುವುದರೊಳಗೆ ಬೀದಿಯಲ್ಲಿ ಹೆಣವಾಗಿ ಬಿದ್ದಿರುತ್ತಾನೆ. ಹಿಂದಿನ ಬೆಂಚಿನಲ್ಲಿ ಕುಳಿತು ವಿಚಾರಣೆ ನೋಡುತ್ತಿದ್ದ ಪತ್ತೇದಾರ ಜಿಮ್ಮಿ ಮೆಕ್‌ನಲ್ಟಿ, ಇದರ ಹಿಂದೆ ಇರುವವನು ತರುಣನ ಸೋದರಮಾವ ಏವನ್ ಬಾರ್ಕ್ಸ್‌ಡೇಲ್ ಎಂದು ನ್ಯಾಯಾಧೀಶರಿಗೆ ಹೇಳಿಬಿಡುತ್ತಾನೆ. ನ್ಯಾಯಾಧೀಶರು ಪೋಲೀಸು ಇಲಾಖೆಯ ಮೇಲಿನವರಿಗೆ ಟೆಲಿಫೋನ್ ಮಾಡಿ ವಿಚಾರಿಸುತ್ತಾರೆ. ಇಲಾಖೆಗೆ ಕೋಪ ಬರುತ್ತದೆ. ಕೋಪ ಯಾರ ಮೇಲೆ? ಕೊಲೆಗಾರರ ಮೇಲಲ್ಲ, ಮೇಲಧಿಕಾರಿಯನ್ನು ದಾಟಿ ನಿಜ ಹೇಳಿದ ಮೆಕ್‌ನಲ್ಟಿಯ ಮೇಲೆ. ಆದರೂ ಲೋಕದ ಕಣ್ಣಿಗೆ ಏನಾದರೂ ಮಾಡಿದಂತೆ ಕಾಣಬೇಕಲ್ಲ. ಒಂದು ತಂಡ ಏರ್ಪಡುತ್ತದೆ. ಪ್ರತಿಯೊಂದು ವಿಭಾಗವೂ ತನಗೆ ಬೇಡವಾದವರನ್ನು, ಕುಡುಕರನ್ನು, ಮೈಗಳ್ಳರನ್ನು ಆರಿಸಿ ಅಲ್ಲಿಗೆ ಕಳಿಸುತ್ತದೆ. ಕೂರಲು ನೆಲಮಾಳಿಗೆಯ ಒಂದು ಕೋಣೆ. ಕೆಲಸ ಆಗಬಾರದೆಂದೇ ಕೆಲಸಕ್ಕೆ ಏರ್ಪಾಡು ಮಾಡುವ ಈ ವಿದ್ಯೆ ಬಾಲ್ಟಿಮೋರಿನವರಿಗೆ ಮಾತ್ರ ಗೊತ್ತೆಂದು ನೀವು ಭಾವಿಸಬೇಕಾಗಿಲ್ಲ.

ಆ ಬೇಡವಾದವರ ನಡುವೆ ಲೆಸ್ಟರ್ ಫ್ರೀಮನ್ ಎಂಬ ವಯಸ್ಸಾದ ಪತ್ತೇದಾರನಿದ್ದಾನೆ. ಮೇಜಿನ ಮೇಲೆ ಬೊಂಬೆಮನೆಯ ಪುಟ್ಟ ಕುರ್ಚಿ, ಮಂಚಗಳನ್ನು ಕೆತ್ತುತ್ತ ಕೂತಿರುತ್ತಾನೆ. ಹಿಂದೆ ಒಂದು ಮೊಕದ್ದಮೆಯಲ್ಲಿ ಮೇಲಿನವರ ಮಾತು ಕೇಳದೆ ದೊಡ್ಡ ಮನೆಯ ಮಗನೊಬ್ಬನನ್ನು ಸಾಕ್ಷಿಗೆ ಕರೆಸಿದ ತಪ್ಪಿಗೆ 13 ವರ್ಷ 4 ತಿಂಗಳು ಗಿರವಿ ಅಂಗಡಿಗಳ ಲೆಕ್ಕ ನೋಡುವ ಮೂಲೆಗೆ ಅವನನ್ನು ನೂಕಿದ್ದರು. ಅವನೂ, ಪಿಸ್ತೂಲು ಕಿತ್ತುಕೊಂಡು ಕೂರಿಸಿದ ಪ್ರೆಜ್‌ಬಿಲೆವ್‌ಸ್ಕಿ ಎಂಬ ಹುಡುಗನೂ ಸೇರಿ ನಿಜವಾದ ಕೆಲಸ ಶುರುಮಾಡುತ್ತಾರೆ.

ವ್ಯಾಪಾರಿಗಳು ಪೇಜರ್ ಯಂತ್ರಗಳನ್ನೂ ಬೀದಿಯ ಟೆಲಿಫೋನುಗಳನ್ನೂ ಬಳಸುತ್ತಿದ್ದರು. ಪೇಜರಿನಲ್ಲಿ ಬರುವ ಅಂಕಿ ನಿಜವಾದ ಟೆಲಿಫೋನ್ ಅಂಕಿಯಲ್ಲ. ಆ ಹುಡುಗ ಟೆಲಿಫೋನಿನ ಗುಂಡಿಗಳನ್ನೇ ನೋಡುತ್ತ ಕುಳಿತು ಗುಟ್ಟು ಒಡೆಯುತ್ತಾನೆ: ನಡುವಿನ 5ನ್ನು ದಾಟಿ ಎದುರು ಬದಿಯ ಅಂಕಿಯನ್ನು ತೆಗೆದುಕೊಳ್ಳಬೇಕು. 1 ಎಂದರೆ 9, 2 ಎಂದರೆ 8, 3 ಎಂದರೆ 7, 4 ಎಂದರೆ 6. 5 ಮತ್ತು ಸೊನ್ನೆ ಒಂದಕ್ಕೊಂದು ಬದಲಾಗುತ್ತವೆ. ಲೆಕ್ಕದಲ್ಲಿ ಹಿಂದುಳಿದ ಬೀದಿ ಹುಡುಗರೂ ನೆನಪಿಟ್ಟುಕೊಳ್ಳಬಲ್ಲಷ್ಟು ಸುಲಭ! ಇನ್ನು ಕೇಳುವುದಕ್ಕೂ ಕಾಯಿದೆಯುಂಟು. ಬೇರೆ ದಾರಿಗಳೆಲ್ಲ ಮುಗಿದವೆಂದು ತೋರಿಸಿ ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು. ಸಂಬಂಧಪಟ್ಟವನೇ ಮಾತನಾಡುತ್ತಿದ್ದಾನೆಂದು ಯಾರಾದರೂ ಮಾಳಿಗೆಯ ಮೇಲೆ ನಿಂತು ಕಣ್ಣಾರೆ ನೋಡಿ ಹೇಳಬೇಕು. ಇಲ್ಲದಿದ್ದರೆ ಕೇಳುವುದನ್ನು ನಿಲ್ಲಿಸಬೇಕು. ಬಿಸಿಲಿನಲ್ಲಿ ಮಾಳಿಗೆ ಕಾಯುವವನು, ಕಿವಿಗೆ ಯಂತ್ರ ಹಚ್ಚಿಕೊಂಡು ತಾಸುಗಟ್ಟಲೆ ಕೂರುವವನು, ಕೇಳಿದ್ದನ್ನು ಕಾಗದಕ್ಕಿಳಿಸುವವನು, ಇವರ ಕತೆ ಇದು. ಆತುರದ ಪ್ರೇಕ್ಷಕನಿಗೆ ಬೇಸರವಾದರೂ ಆದೀತು.

ಆದರೆ ಕೇಳುತ್ತ ಹೋದಂತೆ ಒಂದು ತೊಡಕು ಬರುತ್ತದೆ. ಸರಕನ್ನು ಹಿಂಬಾಲಿಸಿದರೆ ಮೂಲೆಯಲ್ಲಿ ನಿಂತ ಹುಡುಗರು ಸಿಗುತ್ತಾರೆ. ಹಣವನ್ನು ಹಿಂಬಾಲಿಸಿದರೆ ದಾರಿ ಬೀದಿ ಬಿಟ್ಟು ಮೇಲಕ್ಕೆ ಹತ್ತುತ್ತದೆ. ಒಂದು ರಾತ್ರಿ ತಂಡದವರು ತಡೆದು ನಿಲ್ಲಿಸಿದ ಕಾರಿನಲ್ಲಿ ನೋಟಿನ ಕಂತೆ ಸಿಗುತ್ತದೆ. ಕಾರನ್ನು ನಡೆಸುತ್ತಿದ್ದವನು ರಾಜ್ಯದ ಒಬ್ಬ ಸೆನೆಟರನ ಕಡೆಯವನು. ಹಣವನ್ನು ಹಿಂದಿರುಗಿಸಬೇಕೆಂದು ಮೇಲಿನಿಂದ ಅಪ್ಪಣೆಯಾಗುತ್ತದೆ. ತಂಡದ ಮುಖ್ಯಸ್ಥ ಲೆಫ್ಟಿನೆಂಟ್ ಡೇನಿಯಲ್ಸ್ ಗಂಭೀರ ಮನುಷ್ಯ. ಆದರೆ ಹಿಂದೆ ಎಂದೋ ಅವನ ಕೈಗೂ ಮಸಿ ಹತ್ತಿತ್ತೆಂಬ ಕಡತವೊಂದು ಮೇಲಿನವರ ಬಳಿ ಇದೆ. ಅವನು ತಲೆಬಾಗುವಷ್ಟು ದಿನ ಆ ಕಡತ ಕಪಾಟಿನಲ್ಲಿರುತ್ತದೆ. ತಲೆಯೆತ್ತಿದ ದಿನ ಅದು ಮೇಜಿನ ಮೇಲೆ ಬರುತ್ತದೆ. ಭ್ರಷ್ಟತೆಯ ಒಂದು ಸೂಕ್ಷ್ಮವನ್ನು ಕತೆ ಇಲ್ಲಿ ತೋರಿಸುತ್ತದೆ. ಕಳಂಕವಿಲ್ಲದವನಿಗಿಂತ ಚೂರು ಕಳಂಕವಿರುವವನೇ ಇಂಥ ವ್ಯವಸ್ಥೆಗೆ ಹೆಚ್ಚು ಬೇಕಾದವನು. ಅವನ ನಿಷ್ಠೆಗೆ ಜಾಮೀನು ಸಿಕ್ಕಂತಾಗುತ್ತದೆ.

ಈಗ ಎದುರಿನ ಪಾಳೆಯಕ್ಕೆ ಬನ್ನಿ. ಬಿಡುಗಡೆಯಾದ ಡಿ’ಆಂಜೆಲೋ ಒಂದು ದಿನ ತನ್ನ ಕೈಕೆಳಗಿನ ಇಬ್ಬರು ಹುಡುಗರಿಗೆ, ಬೋಡಿ ಮತ್ತು ವಾಲೇಸ್ ಎಂಬುವರಿಗೆ, ಚದುರಂಗ ಹೇಳಿಕೊಡುತ್ತಾನೆ. ರಾಜ ರಾಜನಾಗಿಯೇ ಉಳಿಯುತ್ತಾನೆ. ಪೇದೆಗಳು ಬೇಗ ಸಾಯುತ್ತಾರೆ. ಎದುರು ತುದಿ ಮುಟ್ಟಿದ ಪೇದೆಗೆ ಮಾತ್ರ ಬಡ್ತಿಯುಂಟು ಎಂದು ತನ್ನ ಮಾವನ ವ್ಯಾಪಾರದ ಹೋಲಿಕೆಯಿಂದಲೇ ವಿವರಿಸುತ್ತಾನೆ. ನಮ್ಮ ಕನ್ನಡದಲ್ಲಿ ಚದುರಂಗದ ಕಾಯಿಗೂ ಪೋಲೀಸಿನವನಿಗೂ ಪೇದೆಯೆಂಬ ಒಂದೇ ಹೆಸರಿರುವುದು ಎಷ್ಟು ಅರ್ಥವತ್ತಾಗಿದೆ! ಈ ಕತೆಯ ಎರಡು ಪಾಳೆಯಗಳಲ್ಲಿಯೂ ಪೇದೆಗಳ ಪಾಡು ಒಂದೇ.

ವಾಲೇಸನಿಗೆ ಹದಿನಾರು ವರ್ಷ. ಹಾಳು ಮನೆಯೊಂದರಲ್ಲಿ ತನಗಿಂತ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು, ಬೆಳಗ್ಗೆ ಎಬ್ಬಿಸಿ, ತಿನ್ನಲು ಕೊಟ್ಟು ಶಾಲೆಗೆ ಕಳಿಸುವ ಹುಡುಗ. ತಾನು ತೋರಿಸಿಕೊಟ್ಟ ಒಬ್ಬನ ಕೊಲೆಯಾದುದನ್ನು ನೋಡಿ ಅವನ ಮನಸ್ಸು ಮುರಿಯುತ್ತದೆ. ಪೋಲೀಸರ ಮುಂದೆ ಬಾಯಿಬಿಡುತ್ತಾನೆ. ಅವನನ್ನು ಮುಗಿಸಬೇಕೆಂದು ಅಪ್ಪಣೆ ಬರುತ್ತದೆ. ಗುಂಡು ಹಾರಿಸುವವರು ಅವನ ಗೆಳೆಯರೇ. ಅವರಲ್ಲಿ ಒಬ್ಬ ಬೋಡಿ. ಕೈ ನಡುಗುತ್ತದೆ, ಕಣ್ಣು ತುಂಬುತ್ತದೆ, ಆದರೂ ಹಾರಿಸುತ್ತಾರೆ. ಈ ದೃಶ್ಯದಲ್ಲಿ ಕ್ರೌರ್ಯವಿದೆಯೆಂದರೆ ಸಾಲದು. ಆ ಕ್ರೌರ್ಯಕ್ಕೆ ಅವರು ಇಟ್ಟುಕೊಂಡ ಹೆಸರು ನಿಷ್ಠೆ. ವಾಲೇಸನ ಸಾವನ್ನು ತಿಳಿದ ಡಿ’ಆಂಜೆಲೋ ಎಲ್ಲವನ್ನೂ ಹೇಳಲು ಸಿದ್ಧನಾಗುತ್ತಾನೆ. ಆಗ ಅವನ ತಾಯಿ ಬಂದು ಕೂರುತ್ತಾಳೆ. ಮನೆಗೆ ದ್ರೋಹ ಮಾಡಬೇಡವೆನ್ನುತ್ತಾಳೆ. ಅವನು ಬಾಯಿ ಕಟ್ಟಿಕೊಂಡು 20 ವರ್ಷದ ಸೆರೆವಾಸಕ್ಕೆ ಹೋಗುತ್ತಾನೆ. ಮುಂದೆ ಆ ಸೆರೆಮನೆಯಲ್ಲಿಯೇ, ಯಾರಿಗಾಗಿ ಬಾಯಿ ಕಟ್ಟಿಕೊಂಡನೋ ಅವರ ಕಡೆಯವನೇ ಹೇಳಿ ಮಾಡಿಸಿದ ಕೊಲೆಗೆ ಬಲಿಯಾಗುತ್ತಾನೆ. ಬೋಡಿಯೂ ನಾಲ್ಕನೆಯ ಭಾಗದಲ್ಲಿ ತಾನೂ ಆ ಮಣೆಯ ಮೇಲಿನ ಪೇದೆಯಾಗಿಯೇ ಉಳಿದೆನೆಂದು ಮೆಕ್‌ನಲ್ಟಿಯ ಮುಂದೆ ಹೇಳಿಕೊಳ್ಳುತ್ತಾನೆ. ಆ ಒಂದು ಭೇಟಿಯ ಸಂದೇಹದ ಮೇಲೆಯೇ ಅವನನ್ನು ಕೊಲ್ಲಿಸುತ್ತಾರೆ.

ಉಂಡ ಮನೆಗೆ ಎರಡು ಬಗೆಯಬಾರದು ಎಂಬುದು ನಾವು ಎಳವೆಯಿಂದ ಕೇಳಿದ ಮಾತು. ಕರ್ಣನನ್ನು ನಾವು ಪ್ರೀತಿಸುವುದು ಅದಕ್ಕಾಗಿಯೇ. ಹೆತ್ತ ತಾಯಿಯೇ ಬಂದು ಕರೆದರೂ ಅವನು ದುರ್ಯೋಧನನ ಋಣವನ್ನು ಮರೆಯಲಿಲ್ಲ. ಆದರೆ ಅದೇ ಋಣ ದ್ಯೂತಸಭೆಯಲ್ಲಿ ಅವನ ನಾಲಗೆಯಿಂದ ಏನನ್ನು ಆಡಿಸಿತು, ಪಿತಾಮಹನ ಬಾಯನ್ನು ಹೇಗೆ ಕಟ್ಟಿತು ಎಂದು ಕೇಳುವುದನ್ನು ನಾವು ಮರೆಯುತ್ತೇವೆ. ‘ದಿ ವೈರ್’ ಕೇಳುವ ಪ್ರಶ್ನೆ ಅದೇ. ನಿಷ್ಠೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ; ಆದರೆ ನಿಷ್ಠೆ ಯಾರಿಗೆ? ಅನ್ನ ಕೊಟ್ಟವನಿಗೋ, ಜೊತೆಯಲ್ಲಿ ನಿಂತವನಿಗೋ, ಮಾಡುವ ಕೆಲಸಕ್ಕೋ, ಆ ಕೆಲಸವನ್ನು ನಂಬಿ ಕೂತ ದಿಕ್ಕಿಲ್ಲದವರಿಗೋ? ನಾಲ್ಕೂ ಒಂದೇ ಕಡೆ ಇದ್ದಾಗ ತೊಂದರೆಯಿಲ್ಲ. ಬೇರೆ ಬೇರೆ ಕಡೆಗೆ ಎಳೆದಾಗ ಮನುಷ್ಯ ಯಾವ ಋಣ ತೀರಿಸುತ್ತಾನೆಂಬುದರ ಮೇಲೆ ಊರಿನ ಹಣೆಬರಹ ನಿಂತಿರುತ್ತದೆ.

ಎರಡನೆಯ ಭಾಗ ಬಂದರಿಗೆ ಹೋಗುತ್ತದೆ. ಅಲ್ಲಿ ಫ್ರ್ಯಾಂಕ್ ಸೊಬೊಟ್ಕ ಹಮಾಲರ ಸಂಘದ ಮುಂದಾಳು. ಕಳ್ಳಸಾಗಣೆಯವರಿಂದ ಹಣ ತಿನ್ನುತ್ತಾನೆ; ಆದರೆ ತನಗಾಗಿ ಅಲ್ಲ. ಕಾಲುವೆಯ ಹೂಳು ತೆಗೆಸಿದರೆ ದೊಡ್ಡ ಹಡಗು ಬಂದಾವು, ತನ್ನವರಿಗೆ ಕೂಲಿ ಸಿಕ್ಕೀತು ಎಂಬ ಆಸೆಯಿಂದ ರಾಜಕಾರಣಿಗಳಿಗೆ ಹಂಚುತ್ತಾನೆ. ಪೆಟ್ಟಿಗೆಗಳಲ್ಲಿ ಏನು ಬರುತ್ತದೆಂದು ಅವನು ಕೇಳುವುದಿಲ್ಲ. ಒಂದು ದಿನ ಒಂದು ಪೆಟ್ಟಿಗೆಯಲ್ಲಿ 13 ಹೆಂಗಸರ ಹೆಣಗಳು ಸಿಗುತ್ತವೆ. ಒಳ್ಳೆಯ ಉದ್ದೇಶವಿದ್ದವನು ಕೇಳದೆ ಬಿಟ್ಟ ಒಂದು ಪ್ರಶ್ನೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಕಷ್ಟ.

ಭ್ರಷ್ಟಾಚಾರ ಎಂದರೆ ನಾವು ಲಂಚ ಎಂದು ತಿಳಿಯುತ್ತೇವೆ. ಈ ಕತೆಯಲ್ಲಿ ಅದಕ್ಕಿಂತ ಸಭ್ಯವಾದ ಇನ್ನೊಂದು ಬಗೆಯಿದೆ: ಅಂಕಿಗಳನ್ನು ತಿದ್ದುವುದು. ಪ್ರತಿವಾರ ಅಧಿಕಾರಿಗಳು ಪರದೆಯ ಮುಂದೆ ನಿಂತು ತಮ್ಮ ವಲಯದಲ್ಲಿ ಅಪರಾಧ ಇಳಿದಿದೆಯೆಂದು ತೋರಿಸಬೇಕು. ಇಳಿಯದಿದ್ದರೆ? ದರೋಡೆಯನ್ನು ಚಿಲ್ಲರೆ ಕಳ್ಳತನವೆಂದು ಬರೆದರಾಯಿತು. ಯಾರ ಜೇಬಿಗೂ ಒಂದು ಕಾಸು ಹೋಗಲಿಲ್ಲ. ಆದರೆ ದೋಚಿಸಿಕೊಂಡವನಿಗೆ ನ್ಯಾಯ ಹೋಯಿತು. ಮೂರನೆಯ ಭಾಗದಲ್ಲಿ ಮೇಜರ್ ಕೋಲ್ವಿನ್ ಎಂಬ ಅಧಿಕಾರಿ ಇದರಿಂದ ರೋಸಿ, ತನ್ನ ವಲಯದ ಮಾದಕದ್ರವ್ಯದ ಮಾರಾಟವನ್ನೆಲ್ಲ ಜನವಿಲ್ಲದ ಕೆಲವು ಬೀದಿಗಳಿಗೆ ಗುಟ್ಟಾಗಿ ಸರಿಸಿ, ಉಳಿದ ಬೀದಿಗಳನ್ನು ಸಂಸಾರವಂದಿಗರಿಗೆ ಬಿಡಿಸಿಕೊಡುತ್ತಾನೆ. ಅಪರಾಧ ನಿಜವಾಗಿಯೇ ಇಳಿಯುತ್ತದೆ. ಸಂಗತಿ ಬಯಲಾದಾಗ ಅವನ ಹುದ್ದೆಯನ್ನು ಕೆಳಗಿಳಿಸಿ, ಕಡಿಮೆ ಪಿಂಚಣಿಯ ಮೇಲೆ ಮನೆಗೆ ಕಳಿಸುತ್ತಾರೆ. ಅವನು ಮಾಡಿದ್ದು ಸರಿಯೇ? ಆ ಬೀದಿಗಳು ನರಕವಾದುದನ್ನೂ ಕತೆ ಮುಚ್ಚಿಡುವುದಿಲ್ಲ. ತೀರ್ಪನ್ನು ನಿಮಗೇ ಬಿಡುತ್ತದೆ.

ನಾಲ್ಕನೆಯ ಭಾಗದಲ್ಲಿ, ಗುಟ್ಟು ಒಡೆದ ಆ ಹುಡುಗ ಪೋಲೀಸು ಕೆಲಸ ಬಿಟ್ಟು ಶಾಲೆಯ ಉಪಾಧ್ಯಾಯನಾಗುತ್ತಾನೆ. ಪರೀಕ್ಷೆಯ ಫಲ ಏರಿದಂತೆ ಕಾಣಲು ಪರೀಕ್ಷೆಯ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿಸಬೇಕೆಂದಾಗ, ಇದು ತಾನು ಬಿಟ್ಟುಬಂದ ಇಲಾಖೆಯ ಹಳೆಯ ಆಟವೆಂದು ಅವನು ಥಟ್ಟನೆ ಗುರುತು ಹಿಡಿಯುತ್ತಾನೆ. ಐದನೆಯ ಭಾಗದಲ್ಲಿ ಪತ್ರಿಕಾಲಯದ ಒಳಗೂ ಅದೇ: ಸುದ್ದಿಯನ್ನು ಕಟ್ಟಿ ಬರೆದವನಿಗೆ ಬಹುಮಾನ, ಅದನ್ನು ಸಂದೇಹಿಸಿದ ಸಂಪಾದಕನಿಗೆ ಕೆಳಗಿನ ಹುದ್ದೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು, ಎಲ್ಲರೂ ಕೆಟ್ಟವರೇ ಎಂದಾದರೆ ಯಾರನ್ನು ದೂರಿ ಫಲವೇನು ಎನ್ನಬಹುದು. ಕತೆ ಹಾಗೆ ಹೇಳುವುದಿಲ್ಲ. ಅದು ಲೆಕ್ಕ ಇಡುತ್ತದೆ. ಕೊನೆಯ ಭಾಗದಲ್ಲಿ, ಕದ್ದಾಲಿಕೆಗೆ ಹಣವಿಲ್ಲವೆಂದು ಇಲಾಖೆ ಕೈಚೆಲ್ಲಿದಾಗ, ಮೆಕ್‌ನಲ್ಟಿ ಒಂದು ಸುಳ್ಳನ್ನು ಸೃಷ್ಟಿಸುತ್ತಾನೆ. ತಾವಾಗಿಯೇ ಸತ್ತ ನಿರ್ಗತಿಕರ ಹೆಣಗಳ ಮೇಲೆ ಗುರುತು ಮಾಡಿ, ಸರಣಿ ಕೊಲೆಗಾರನೊಬ್ಬ ಊರಿನಲ್ಲಿ ತಿರುಗುತ್ತಿದ್ದಾನೆಂದು ನಂಬಿಸುತ್ತಾನೆ. ಹಣ ಹರಿದುಬರುತ್ತದೆ. ಅದನ್ನು ಇಪ್ಪತ್ತೆರಡು ಹೆಣಗಳ ಹಿಂದಿದ್ದ ನಿಜವಾದ ಕೊಲೆಗಾರರ ಬೇಟೆಗೆ ತಿರುಗಿಸುತ್ತಾನೆ. ಪ್ರಾಮಾಣಿಕ ಫ್ರೀಮನ್ ಕೂಡ ಕೈಜೋಡಿಸುತ್ತಾನೆ. ಗುರಿ ಒಳ್ಳೆಯದು, ಕೆಲಸದ ಮೇಲಿನ ಭಕ್ತಿ ನಿಜವಾದದ್ದು. ಆದರೆ ಆ ಸುಳ್ಳನ್ನು ನಂಬಿದ ಬೇರೊಬ್ಬ ಅದೇ ರೀತಿ ನಿಜವಾದ ಕೊಲೆ ಮಾಡುತ್ತಾನೆ. ಅಪ್ಪಣೆಯಿಲ್ಲದ ಕದ್ದಾಲಿಕೆಯ ದೋಷದಿಂದ ಮುಖ್ಯ ಅಪರಾಧಿ ಬಿಡುಗಡೆ ಪಡೆಯುತ್ತಾನೆ. ಗೆಳೆಯನ ಗುಟ್ಟನ್ನು ಮೇಲಿನವರಿಗೆ ತಿಳಿಸುವವಳು ಕೀಮಾ ಗ್ರೆಗ್ಸ್ ಎಂಬ ಪತ್ತೇದಾರಿಣಿ, ಮೆಕ್‌ನಲ್ಟಿಯ ಹಳೆಯ ಜೊತೆಗಾತಿ. ಹಾಗೆ ಮಾಡಿದ್ದು ತಾನೇ ಎಂದು ಅವನೆದುರಿಗೇ ಹೇಳುತ್ತಾಳೆ. ಸರಿ ಎನಿಸಿದ್ದರೆ ಸರಿಯೇ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಅಂಕಿ ತಿದ್ದುವುದಿಲ್ಲವೆಂದು ನಿಂತ ಡೇನಿಯಲ್ಸ್ ಕಮಿಷನರ್ ಪದವಿಯನ್ನೇ ಬಿಟ್ಟುಹೋಗುತ್ತಾನೆ; ಆ ಹಳೆಯ ಕಡತ ಅಂದು ಮತ್ತೆ ಮೇಜಿನ ಮೇಲಿರುತ್ತದೆ.

ಇದೆಲ್ಲ ಕಟ್ಟುಕತೆಯೆಂದು ಕೈತೊಳೆದುಕೊಳ್ಳುವಂತಿಲ್ಲ. 2017ರ ಮಾರ್ಚ್ 1ರಂದು, ಬೀದಿಗಳಿಂದ ಬಂದೂಕುಗಳನ್ನು ವಶಪಡಿಸಿಕೊಳ್ಳುವುದಕ್ಕೆಂದು ಇದ್ದ ಬಾಲ್ಟಿಮೋರ್ ಪೋಲೀಸಿನ ವಿಶೇಷ ತಂಡದ ಏಳು ಜನರನ್ನು ಕೇಂದ್ರ ಸರ್ಕಾರದ ಅಧಿಕಾರಿಗಳು ಬಂಧಿಸಿದರು. ನಾಗರಿಕರನ್ನು ದೋಚಿದ್ದು, ಮಾಡದ ಕೆಲಸಕ್ಕೆ ಭತ್ಯ ಬರೆದುಕೊಂಡಿದ್ದು ಆಪಾದನೆಗಳು. ಹೆಚ್ಚು ಬಂದೂಕು ತರುತ್ತಾರೆಂದು ಹೊಗಳಿಸಿಕೊಂಡಿದ್ದ ತಂಡ ಅದು. ತಂಡದ ಸಾರ್ಜೆಂಟನಿಗೆ 2018ರಲ್ಲಿ 25 ವರ್ಷದ ಶಿಕ್ಷೆಯಾಯಿತು. ಆ ತನಿಖೆಗೆ ದಾರಿ ತೋರಿಸಿದ್ದೂ ಟೆಲಿಫೋನ್ ತಂತಿಗೆ ಕೊಟ್ಟ ಕಿವಿಯೇ. 2022ರಲ್ಲಿ ಸೈಮನ್ ಮತ್ತು ಕಾದಂಬರಿಕಾರ ಜಾರ್ಜ್ ಪೆಲಿಕಾನೋಸ್ ಸೇರಿ ಈ ಪ್ರಕರಣವನ್ನು ಆರು ಕಂತುಗಳ ‘ವೀ ಓನ್ ದಿಸ್ ಸಿಟಿ’ ಎಂಬ ಮಾಲೆಯಾಗಿ ಮಾಡಿದರು.

ನೀವು ಈ ಕತೆಯನ್ನು ನೋಡುವುದಾದರೆ ಎರಡು ಮಾತು. ಇದರ ಭಾಷೆ ಒರಟು, ದೃಶ್ಯಗಳು ಕಠೋರ. ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಳ್ಳತಕ್ಕದ್ದಲ್ಲ. ಮೊದಲ ಮೂರು ನಾಲ್ಕು ಕಂತುಗಳಲ್ಲಿ ಹೆಸರುಗಳು ಗೋಜಲಾಗುತ್ತವೆ, ಧೈರ್ಯಗೆಡಬೇಡಿ. ನಾಲ್ಕನೆಯ ಭಾಗಕ್ಕೆ ಬಂದಾಗ ಇಬ್ಬರು ಶಾಲೆಯ ಹುಡುಗರ ಮೇಲೆ ಕಣ್ಣಿಡಿ. ರ್‍ಯಾಂಡಿ ಎಂಬ ಹುಡುಗ ಪೋಲೀಸರು ಕಾಪಾಡುತ್ತಾರೆಂದು ನಂಬಿ ನಿಜ ಹೇಳುತ್ತಾನೆ. ಅವನ ಹೆಸರು ಹೊರಬೀಳುತ್ತದೆ. ಮನೆಗೆ ಬೆಂಕಿ ಹಚ್ಚುತ್ತಾರೆ. ಸಾಕುತಾಯಿ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರುತ್ತಾಳೆ. ಮಾತು ಕೊಟ್ಟಿದ್ದ ಸಾರ್ಜೆಂಟ್ ಕಾರ್ವರ್ ಆಫೀಸಿನಿಂದ ಆಫೀಸಿಗೆ ಅಲೆದು, ತಾನೇ ಸಾಕಿಕೊಳ್ಳುತ್ತೇನೆಂದು ಕೇಳಿದರೂ ಆಗುವುದಿಲ್ಲ. ಹುಡುಗನನ್ನು ಸರ್ಕಾರದ ಬಾಲಗೃಹದ ಬಾಗಿಲಲ್ಲಿ ಬಿಟ್ಟು ಬರುತ್ತಾನೆ. ನೇಮಂಡ್ ಎಂಬ ಇನ್ನೊಬ್ಬ ಹುಡುಗ ವ್ಯಾಪಾರಕ್ಕೆ ಬೀಳುವ ಅಂಚಿನಲ್ಲಿದ್ದಾಗ, ಪದವಿ ಪಿಂಚಣಿ ಕಳೆದುಕೊಂಡ ಆ ಕೋಲ್ವಿನ್ ಸೆರೆಮನೆಗೆ ಹೋಗಿ, ಹುಡುಗನ ತಂದೆಯ ಮುಂದೆ ಕುಳಿತು, ಅವನನ್ನು ನನಗೆ ಕೊಡು ಎಂದು ಬೇಡುತ್ತಾನೆ. ತಂದೆ ಒಪ್ಪುತ್ತಾನೆ. ಕೋಲ್ವಿನ್ ಮತ್ತು ಅವನ ಹೆಂಡತಿ ಆ ಹುಡುಗನನ್ನು ಮನೆಗೆ ಕರೆತಂದು, ಊಟಕ್ಕಿಟ್ಟು, ಮರುದಿನ ಶಾಲೆಗೆ ಕಳಿಸುತ್ತಾರೆ.